ಸೋತವರೇ ಕರೆದ ಹಬ್ಬ

2026ರ ಆಗಸ್ಟ್ 22ಕ್ಕೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಐಲ್ ಆಫ್ ವೈಟ್ ದ್ವೀಪದ ಸುತ್ತ ನಡೆದ, ಅಮೆರಿಕಾಸ್ ಕಪ್ ಎಂಬ ಸ್ಪರ್ಧೆಗೆ ಮೂಲವಾದ ಒಂದು ಹಾಯಿದೋಣಿ ಪಂದ್ಯಕ್ಕೆ 175 ವರ್ಷ ತುಂಬುತ್ತದೆ. ಆ ಪಂದ್ಯದ 150ನೆಯ ವರ್ಷದ ಆಚರಣೆಯನ್ನು 2001ರಲ್ಲಿ ಕೌಸ್ ಎಂಬ ಊರಿನ ದಡದಲ್ಲಿ ನಿಂತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಆಗ ನಾನು ಕೆಲಸದ ನಿಮಿತ್ತ ಸೌತಾಂಪ್ಟನ್ನಿನಲ್ಲಿದ್ದೆ. ಅಲ್ಲಿಂದ ಫೆರಿ ಹತ್ತಿದರೆ ಕೌಸ್ ದೂರವೇನಲ್ಲ. ಕುಮಟಾದಲ್ಲಿ ಹುಟ್ಟಿ, ಮಚ್ವೆ ಎಂಬ ಹಾಯಿದೋಣಿ ನಡೆಸುತ್ತಿದ್ದ ಅಜ್ಜನ ಮಾತುಗಳನ್ನು ಕೇಳಿಕೊಂಡು ಬೆಳೆದ ನನಗೆ ಹಾಯಿ ಕಂಡಲ್ಲಿ ಕಾಲು ನಿಲ್ಲುವುದು ಅಭ್ಯಾಸ. ಆ ದಿನ ಕಂಡದ್ದನ್ನು ಬರೆಯಬೇಕೆಂದು ಇಷ್ಟು ವರ್ಷ ಅಂದುಕೊಳ್ಳುತ್ತಲೇ ಬಂದಿದ್ದೇನೆ. ವರ್ಷದ ಲೆಕ್ಕ ಮತ್ತೊಂದು ಮೈಲಿಗಲ್ಲಿಗೆ ಬಂದು ನಿಂತಿರುವಾಗ ಇನ್ನು ತಡ ಮಾಡಬಾರದು ಎನ್ನಿಸಿತು.

ನನ್ನನ್ನು ಅಂದಿನಿಂದ ಇಂದಿನವರೆಗೂ ಕಾಡಿದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆ ಆಚರಣೆಯನ್ನು ಏರ್ಪಡಿಸಿದ ಮುಖ್ಯ ಕ್ಲಬ್ಬು ರಾಯಲ್ ಯಾಟ್ ಸ್ಕ್ವಾಡ್ರನ್. 1851ರ ಪಂದ್ಯವನ್ನು ಏರ್ಪಡಿಸಿದ್ದೂ ಅದೇ ಕ್ಲಬ್ಬು, ತನ್ನ ಊರಿನಲ್ಲಿ, ತನ್ನ ನೀರಿನಲ್ಲಿ, ತನ್ನ ದೇಶದ ಅತ್ಯುತ್ತಮ ದೋಣಿಗಳನ್ನು ಕಣಕ್ಕಿಳಿಸಿ ಸೋತದ್ದೂ ಅದೇ ಕ್ಲಬ್ಬು. ಗೆದ್ದ ದಿನವನ್ನು ನೆನೆದು ಹಬ್ಬ ಮಾಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಸೋತ ದಿನವನ್ನು ಒಂದೂವರೆ ಶತಮಾನದ ನಂತರ ಹೀಗೆ ಮನೆಯ ಮದುವೆಯಂತೆ ಸಂಭ್ರಮದಿಂದ ನಡೆಸಿ, ಗೆದ್ದ ಅಮೆರಿಕದವರನ್ನೇ ಮುಖ್ಯ ಅತಿಥಿಗಳನ್ನಾಗಿ ಕರೆದು, ಅವರ ಜೊತೆ ಸೇರಿಯೇ ಏರ್ಪಾಡು ಮಾಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಕ್ಲಬ್ಬು ಹುಟ್ಟಿದ್ದು 1815ರ ಜೂನ್ 1ರಂದು, ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಥ್ಯಾಚ್ಡ್ ಹೌಸ್ ಎಂಬ ಪಾನಗೃಹದಲ್ಲಿ. ಸೇರಿದವರು 42 ಮಂದಿ ಸಿರಿವಂತರು. ಆಗ ಅದರ ಹೆಸರು ಬರೀ ಯಾಟ್ ಕ್ಲಬ್. ಎರಡು ವರ್ಷದ ನಂತರ ಯುವರಾಜನೇ ಸದಸ್ಯನಾದನು, 1820ರಲ್ಲಿ ಅವನು ನಾಲ್ಕನೆಯ ಜಾರ್ಜ್ ಎಂಬ ಹೆಸರಿನಿಂದ ಪಟ್ಟಕ್ಕೇರಿದಾಗ ಕ್ಲಬ್ಬಿನ ಹೆಸರಿಗೆ ರಾಯಲ್ ಸೇರಿತು, 1833ರಲ್ಲಿ ನಾಲ್ಕನೆಯ ವಿಲಿಯಂ ಅದನ್ನು ಸ್ಕ್ವಾಡ್ರನ್ ಎಂದು ಕರೆದನು. 1826ರಿಂದ ಕೌಸ್‌ನಲ್ಲಿ ಪಂದ್ಯಗಳು ಆರಂಭವಾದವು. ಬ್ರಿಟಿಷ್ ನೌಕಾಪಡೆಯ ಬಿಳಿ ಧ್ವಜವನ್ನು ತಮ್ಮ ದೋಣಿಗಳ ಮೇಲೆ ಹಾರಿಸುವ ಹಕ್ಕು ಈ ಕ್ಲಬ್ಬಿನ ಸದಸ್ಯರಿಗೆ 1829ರಿಂದ ಇದೆ. ಕಡಲನ್ನು ಆಳುವ ದೇಶದಲ್ಲಿ, ಕಡಲಿನ ವಿನೋದವನ್ನು ಆಳುವ ಕ್ಲಬ್ಬು ತನ್ನದು ಎಂಬ ಭಾವ ಅವರಲ್ಲಿ ಬೇರೂರಿದ್ದರೆ ಅಚ್ಚರಿಯಿಲ್ಲ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ಜಗತ್ತಿನ ಎಲ್ಲ ದೇಶಗಳ ಕೈಗಾರಿಕೆಯ ಮಹಾಪ್ರದರ್ಶನವನ್ನು ಏರ್ಪಡಿಸಿದ್ದರು. ನಮ್ಮ ಕೊಹಿನೂರ್ ವಜ್ರವನ್ನು ಪಂಜರದೊಳಗಿಟ್ಟು ಜನರಿಗೆ ತೋರಿಸಿದ್ದು ಅಲ್ಲಿಯೇ. ಆ ವರ್ಷ ಸ್ಕ್ವಾಡ್ರನ್ನಿನ ಕೊಮೊಡೋರ್, ಎಂದರೆ ಮುಖ್ಯಸ್ಥ, ಆಗಿದ್ದ ವಿಲ್ಟನ್ನಿನ ಅರ್ಲ್, ನ್ಯೂಯಾರ್ಕ್ ಯಾಟ್ ಕ್ಲಬ್ಬಿನ ಕೊಮೊಡೋರ್ ಜಾನ್ ಕಾಕ್ಸ್ ಸ್ಟೀವನ್ಸ್ ಅವರಿಗೆ ಆತಿಥ್ಯದ ಪತ್ರ ಬರೆದರು. ನ್ಯೂಯಾರ್ಕಿನ ಕ್ಲಬ್ಬು ಆಗ ಏಳು ವರ್ಷದ ಕೂಸು. 1844ರ ಜುಲೈನಲ್ಲಿ ಸ್ಟೀವನ್ಸ್ ಅವರ ಗಿಮ್‌ಕ್ರ್ಯಾಕ್ ಎಂಬ ದೋಣಿಯ ಮೇಲೆಯೇ ಅದು ಹುಟ್ಟಿತ್ತು. ಪತ್ರ ಸಿಕ್ಕಿದ ಮೇಲೆ ಸ್ಟೀವನ್ಸ್ ಮತ್ತು ಐವರು ಜೊತೆಗಾರರು ಸೇರಿ, ಹೊಸದಾಗಿ ಕಟ್ಟಿಸುತ್ತಿದ್ದ, ಎರಡು ಕೂವೆಮರಗಳ ಒಂದು ಸ್ಕೂನರ್ ದೋಣಿಯನ್ನು ಇಂಗ್ಲೆಂಡಿಗೆ ಒಯ್ಯಲು ನಿಶ್ಚಯಿಸಿದರು. ಅದಕ್ಕೆ ಅವರಿಟ್ಟ ಹೆಸರು ಅಮೆರಿಕ.

ಆ ದೋಣಿಯನ್ನು ರೂಪಿಸಿದವನು ಜಾರ್ಜ್ ಸ್ಟಿಯರ್ಸ್. ಕಟ್ಟಿದ್ದು ವಿಲಿಯಂ ಬ್ರೌನ್ ಎಂಬಾತನ ದೋಣಿಕಟ್ಟೆಯಲ್ಲಿ. ಮೇ 3ರಂದು ಅದು ನೀರಿಗಿಳಿಯಿತು. ಉದ್ದ ನೂರಡಿಗಿಂತ ತುಸು ಹೆಚ್ಚು, ಗಾತ್ರದ ಅಳತೆ 170 ಟನ್. ಅದರ ಮೂಲ ಮಾದರಿ ಶ್ರೀಮಂತರ ವಿಹಾರದ ದೋಣಿಯಲ್ಲ, ನ್ಯೂಯಾರ್ಕ್ ಬಂದರಿನ ಪೈಲಟ್ ದೋಣಿ. ದೂರದಿಂದ ಬರುವ ಹಡಗುಗಳನ್ನು ಬಂದರಿನೊಳಕ್ಕೆ ದಾರಿ ತೋರಿಸಿ ತರುವುದು ಪೈಲಟ್‌ಗಳ ಕಸುಬು. ಮೊದಲು ಹೋಗಿ ಹಡಗನ್ನು ಮುಟ್ಟಿದವನಿಗೇ ಕೆಲಸ ಸಿಗುತ್ತಿದ್ದುದರಿಂದ ಅವರ ದೋಣಿಗಳಲ್ಲಿ ವೇಗವೇ ಅನ್ನವಾಗಿತ್ತು. ಹೊಟ್ಟೆಪಾಡಿನ ದೋಣಿಯ ರೂಪವನ್ನು ಪಂದ್ಯಕ್ಕೆ ತಂದದ್ದೇ ಆ ಗೆಲುವಿನ ಬೀಜ ಎಂದು ನನ್ನ ಬಲವಾದ ನಂಬಿಕೆ. ದೋಣಿ ನಡೆಸಲು ಕರೆದೊಯ್ದ ಕ್ಯಾಪ್ಟನ್ ಡಿಕ್ ಬ್ರೌನ್ ಕೂಡ ಬಂದರಿನ ಪೈಲಟ್ ಆಗಿದ್ದವನೇ.

ಜೂನ್ 21ರಂದು ನ್ಯೂಯಾರ್ಕ್ ಬಿಟ್ಟ ದೋಣಿ ಅಟ್ಲಾಂಟಿಕ್ ದಾಟಿ ಫ್ರಾನ್ಸಿನ ಲ ಆವ್ರ್ ಬಂದರಿಗೆ ಬಂದು, ಅಲ್ಲಿ ಬಣ್ಣ ಬಳಿಸಿಕೊಂಡು, ಪಂದ್ಯದ ಹಾಯಿಗಳನ್ನು ಏರಿಸಿಕೊಂಡು ಕೌಸ್ ಕಡೆಗೆ ಹೊರಟಿತು. ಸ್ವಾಗತಕ್ಕೆಂದು ಎದುರು ಬಂದ ಲ್ಯಾವರಾಕ್ ಎಂಬ, ಒಂದೇ ಕೂವೆಮರದ ಇಂಗ್ಲಿಷ್ ಕಟರ್ ಜೊತೆಗೇ ಓಡಿ ಬಲ ನೋಡಲು ಬಂದಾಗ, ಅಮೆರಿಕ ಅದನ್ನು ಸುಲಭವಾಗಿ ಹಿಂದಿಕ್ಕಿತು. ದೂರದೃಷ್ಟಿಯಿಂದ ನೋಡಿದರೆ ಅದೊಂದು ತಪ್ಪು. ಶಕ್ತಿಯೆಲ್ಲ ಬಯಲಾದ ಮೇಲೆ ಬಾಜಿ ಕಟ್ಟಲು ಯಾರೂ ಮುಂದೆ ಬರಲಿಲ್ಲ. ಸ್ಟೀವನ್ಸ್ 10,000 ಗಿನಿಗಳವರೆಗೆ ಪಣ ಒಡ್ಡಿದರೂ ಎದುರಾಳಿ ಸಿಗಲಿಲ್ಲ. ಗಿಡುಗ ಕಾಣಿಸಿಕೊಂಡಾಗ ಪಾರಿವಾಳಗಳ ಹಿಂಡು ನಡುಗುವಂತಾಯಿತು ಎಂದು ಲಂಡನ್ನಿನ ಟೈಮ್ಸ್ ಪತ್ರಿಕೆ ತನ್ನವರನ್ನೇ ಚುಚ್ಚಿತು. ಕ್ಲಬ್ಬಿನ ಸಾಮಾನ್ಯ ಪಂದ್ಯಗಳಿಗೆ ದೋಣಿ ಒಬ್ಬನೇ ಒಡೆಯನದ್ದಾಗಿರಬೇಕೆಂಬ ನಿಯಮವೂ ಅಡ್ಡ ಬಂತು, ಏಕೆಂದರೆ ಅಮೆರಿಕ ಆರು ಜನರ ಪಾಲಿನ ದೋಣಿ. ಕೊನೆಗೆ ಉಳಿದ ದಾರಿಯೆಂದರೆ ಎಲ್ಲ ದೇಶಗಳ ದೋಣಿಗಳಿಗೂ ತೆರೆದಿದ್ದ, ಆಗಸ್ಟ್ 22ರ ಶುಕ್ರವಾರ ನಡೆಯಲಿದ್ದ ದ್ವೀಪಪ್ರದಕ್ಷಿಣೆಯ ಪಂದ್ಯ. ಬಹುಮಾನ 100 ಪೌಂಡಿನ ಒಂದು ಬೆಳ್ಳಿಯ ಹೂಜಿ.

ಆ ದೋಣಿಯನ್ನು ಕೌಸ್‌ನಲ್ಲಿ ಹತ್ತಿರದಿಂದ ನೋಡಿದವರ ಬೆರಗು ಎಷ್ಟಿತ್ತೆಂಬುದಕ್ಕೆ ಆಂಗಲ್ಸಿಯ ಮಾರ್ಕ್ವೆಸ್ ಕುರಿತು ಹೇಳುವ ಕಥೆ ಸಾಕು. ವಾಟರ್ಲೂ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ, ಎಂಬತ್ತು ದಾಟಿದ್ದ ಈ ಮುದುಕ ಪರ್ಲ್ ಎಂಬ ಕಟರಿನ ಒಡೆಯ. ಅಮೆರಿಕದ ಮೂತಿಯನ್ನು ನೋಡಿ, ಅದು ಸರಿಯಿದ್ದರೆ ನಾವೆಲ್ಲ ತಪ್ಪು ಎಂದನಂತೆ. ಅದರ ಹಿಂಭಾಗದ ಅಂಚಿನಿಂದ ಕೆಳಕ್ಕೆ ಬಾಗಿ, ನೀರಿನಡಿ ಎಲ್ಲಾದರೂ ಉಗಿಯಂತ್ರದ ತಿರುಗಾಲಿಯನ್ನು ಬಚ್ಚಿಟ್ಟಿದ್ದಾರೆಯೇ ಎಂದು ಇಣುಕಿದಾಗ, ಸ್ಟೀವನ್ಸ್ ಅವನ ಉಳಿದೊಂದು ಕಾಲನ್ನು ಹಿಡಿದುಕೊಳ್ಳಬೇಕಾಯಿತಂತೆ. ಅವನ ಅನುಮಾನ ಮೂರ್ಖತನದ್ದೆಂದು ನನಗೆ ಅನ್ನಿಸುವುದಿಲ್ಲ. ಆ ಕಾಲದ ಇಂಗ್ಲಿಷ್ ದೋಣಿಗಳ ಮುಂಭಾಗ ಮೀನಿನ ತಲೆಯಂತೆ ದಪ್ಪ, ಹಿಂಭಾಗ ಬಾಲದಂತೆ ಸಪೂರ. ಅಮೆರಿಕದಲ್ಲಿ ಇದು ತಲೆಕೆಳಗಾಗಿತ್ತು. ಮೂತಿ ಚೂರಿಯಂತೆ ಹರಿತವಾಗಿ, ಒಳಕ್ಕೆ ಬಾಗಿದ ಗೆರೆಗಳಲ್ಲಿ ನೀರನ್ನು ಸೀಳುವಂತಿತ್ತು, ಅತ್ಯಂತ ಅಗಲವಾದ ಭಾಗ ದೋಣಿಯ ನಡುವಿನ ಹತ್ತಿರವಿತ್ತು.

ಹಾಯಿಗಳ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಲ್ಲಿ ನನ್ನ ಊರಿನ ಎಳೆಯೊಂದಿದೆ. ಇಂಗ್ಲಿಷ್ ದೋಣಿಗಳು ಅಗಸೆನಾರಿನ ಹಾಯಿಗಳನ್ನು ಬಳಸುತ್ತಿದ್ದವು. ಆ ಬಟ್ಟೆ ಎಳೆದಂತೆ ಹಿಗ್ಗುತ್ತದೆ, ನೂಲಿನ ಸಂದಿನಿಂದ ಗಾಳಿ ಸೋರುತ್ತದೆ. ಆದ್ದರಿಂದ ಅವರು ಹಾಯಿಯನ್ನು ಚೀಲದಂತೆ ಉಬ್ಬುವ ಹಾಗೆ ಹೊಲಿದು, ಪಂದ್ಯದ ನಡುವೆ ಅದರ ಮೇಲೆ ನೀರು ಸುರಿಯುತ್ತಿದ್ದರು. ಒದ್ದೆಯಾದಾಗ ನೂಲು ಊದಿಕೊಂಡು ಸಂದು ಮುಚ್ಚಿ ಗಾಳಿ ನಿಲ್ಲುತ್ತದೆ. ಇದನ್ನು ಓದಿದಾಗ ನನಗೆ ಅಜ್ಜನ ಮರದ ಮರಿಗೆ ನೆನಪಾಯಿತು. ಮಧ್ಯಾಹ್ನ ಪಡುಗಾಳಿ ಸತ್ತುಹೋದಾಗ ಮಚ್ವೆಯ ಹುಡುಗರು ಮರಿಗೆಯಲ್ಲಿ ಕಡಲನೀರು ತುಂಬಿ ಹಾಯಿಯ ಎತ್ತರಕ್ಕೆ ಎರಚುತ್ತಿದ್ದರೆಂದೂ, ಒಣಗಿದ ಮೇಲೆ ಬಟ್ಟೆಯ ಮೇಲೆ ಉಪ್ಪಿನ ಬಿಳಿಗೆರೆಗಳು ನಕ್ಷೆಯಂತೆ ಉಳಿಯುತ್ತಿದ್ದವೆಂದೂ ಅಜ್ಜ ಹೇಳುತ್ತಿದ್ದರು. “ತಮಾ, ಹಾಯಿಗೆ ಬಾಯಾರಿದ್ರೆ ದೋಣಿ ನಡೆಯೂದಿಲ್ಲ” ಎನ್ನುವುದು ಅವರ ಮಾತಾಗಿತ್ತು.

ಅಮೆರಿಕದ ಹಾಯಿಗಳಾದರೋ ಯಂತ್ರದಲ್ಲಿ ಒತ್ತಾಗಿ ನೇಯ್ದ ಹತ್ತಿಬಟ್ಟೆಯವು. ಅವು ಹಿಗ್ಗುತ್ತಿರಲಿಲ್ಲ, ಹಲಗೆಯಂತೆ ಚಪ್ಪಟೆಯಾಗಿ ನಿಲ್ಲುತ್ತಿದ್ದವು, ಕೆಳಗಿನ ಅಡ್ಡಮರಕ್ಕೆ ಅಂಚಿನುದ್ದಕ್ಕೂ ಹಗ್ಗದಿಂದ ಬಿಗಿದಿದ್ದವು. ಗಾಳಿ ಬೆನ್ನಿಗಿದ್ದಾಗ ಉಬ್ಬಿದ ಹಾಯಿಗೂ ಚಪ್ಪಟೆ ಹಾಯಿಗೂ ದೊಡ್ಡ ವ್ಯತ್ಯಾಸವಿಲ್ಲ. ಗಾಳಿ ಎದುರಾದಾಗ ಕಥೆ ಬೇರೆ. ಎದುರುಗಾಳಿಯಲ್ಲಿ ಯಾವ ಹಾಯಿದೋಣಿಯೂ ನೇರ ಹೋಗಲಾರದು. ಗಾಳಿಗೆ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಏರಬೇಕು. ಚಪ್ಪಟೆ ಹಾಯಿಯಿರುವ ದೋಣಿ ಗಾಳಿಯ ಮುಖಕ್ಕೆ ಹೆಚ್ಚು ಹತ್ತಿರದ ಕೋನದಲ್ಲಿ ನಡೆಯಬಲ್ಲದು, ಹೀಗಾಗಿ ಅದೇ ಜಾಗ ಮುಟ್ಟಲು ಅದು ಕ್ರಮಿಸುವ ದೂರವೇ ಕಡಿಮೆಯಾಗುತ್ತದೆ. ಅಮೆರಿಕ ದೇಶದ ಹತ್ತಿ ಆ ಕಾಲದಲ್ಲಿ ದಕ್ಷಿಣದ ರಾಜ್ಯಗಳ ಗುಲಾಮರ ಬೆವರಿನಿಂದ ಬೆಳೆದದ್ದು ಎಂಬುದನ್ನು ಈ ಗೆಲುವಿನ ವರ್ಣನೆಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಹೇಳಬೇಕು. ಅದೇ 1840ರ ದಶಕದಲ್ಲಿ ಲ್ಯಾಂಕಷೈರಿನ ಗಿರಣಿಗಳ ಹಸಿವಿಗಾಗಿ ಅಮೆರಿಕದ ಹತ್ತಿಬೀಜವನ್ನು ನಮ್ಮ ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಬಿತ್ತಿಸಲು ಕಂಪನಿ ಸರಕಾರ ಪ್ರಯತ್ನಿಸುತ್ತಿತ್ತು. ಆ ಸೀಮೆಯ ಹತ್ತಿಯ ಅಂಡಿಗೆಗಳು ಘಟ್ಟ ಇಳಿದು ಬಂದು ದೋಣಿ ಹತ್ತುತ್ತಿದ್ದುದು ಕುಮಟಾದಲ್ಲಿ. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ನಮ್ಮ ಊರಿನ ಹೆಸರೇ ಬಿದ್ದಿತ್ತು.

ಪಂದ್ಯದ ದಿನಕ್ಕೆ ಬರುತ್ತೇನೆ. ಬೆಳಿಗ್ಗೆ 10 ಗಂಟೆಗೆ ಫಿರಂಗಿ ಹಾರಿತು. ಆ ಕಾಲದ ಕ್ರಮದಂತೆ ದೋಣಿಗಳು ಲಂಗರು ಹಾಕಿಕೊಂಡೇ ಸಾಲಾಗಿ ನಿಂತಿದ್ದವು. ಗುಂಡಿನ ಸದ್ದಿಗೆ ಲಂಗರೆತ್ತಿ ಹಾಯಿ ಬಿಡಿಸಿ ಹೊರಡಬೇಕು. ಹೊರಟ 15 ದೋಣಿಗಳಲ್ಲಿ ಅಮೆರಿಕ ಕಡೆಯದು. ಅದು ತನ್ನ ಲಂಗರಿನ ಮೇಲೇ ಸರಿದು ಸಿಕ್ಕಿಕೊಂಡು, ಹಾಯಿ ಇಳಿಸಿ ಮತ್ತೆ ಏರಿಸಬೇಕಾಯಿತು. ಆದರೆ ಸ್ವಲ್ಪ ಹೊತ್ತಿನಲ್ಲೇ ಅದು ಒಂದೊಂದನ್ನಾಗಿ ದಾಟುತ್ತ ಮುಂದಿನ ಗುಂಪನ್ನು ಸೇರಿತು. ಎದುರಾಳಿಗಳಲ್ಲಿ 392 ಟನ್ನಿನ ಬ್ರಿಲಿಯಂಟ್ ಇತ್ತು, 47 ಟನ್ನಿನ ಪುಟ್ಟ ಅರೋರಾ ಇತ್ತು. ಗಾತ್ರಕ್ಕೆ ತಕ್ಕಂತೆ ಸಮಯದ ರಿಯಾಯಿತಿ ಕೊಡುವ ಪದ್ಧತಿಯನ್ನು ಈ ಪಂದ್ಯಕ್ಕೆ ಅನ್ವಯಿಸಿರಲಿಲ್ಲ.

ದ್ವೀಪದ ಪೂರ್ವಕ್ಕೆ ನ್ಯಾಬ್ ಎಂಬ ದೀಪನೌಕೆ ಲಂಗರು ಹಾಕಿ ನಿಂತಿರುತ್ತಿತ್ತು. ವಾಡಿಕೆಯ ಪಂದ್ಯಗಳಲ್ಲಿ ಅದರ ಹೊರಗಿನಿಂದ ಸುತ್ತಿಕೊಂಡು ಹೋಗಬೇಕಿತ್ತು. ಆದರೆ ಈ ಬಾರಿ ಹಂಚಿದ ಸೂಚನಾಪತ್ರಗಳು ಒಂದೇ ರೀತಿ ಇರಲಿಲ್ಲ. ಕೆಲವರ ಕೈಗೆ ಬಂದ ಕಾಗದದಲ್ಲಿ ನ್ಯಾಬ್‌ನ ಹೊರಗೆ ಎಂದಿತ್ತು, ಅಮೆರಿಕದವರ ಕೈಲಿದ್ದ ಕಾಗದದಲ್ಲಿ ಬರೀ ದ್ವೀಪವನ್ನು ಸುತ್ತಿ ಬರುವುದು ಎಂದಷ್ಟೇ ಇತ್ತು. ಇಂಗ್ಲಿಷರಲ್ಲಿ ಹಲವರು ರೂಢಿಯಂತೆ ಹೊರಗೆ ಹೋದರು, ಅಮೆರಿಕ ಒಳದಾರಿ ಹಿಡಿದು ಸಾಕಷ್ಟು ದೂರವನ್ನು ಉಳಿಸಿಕೊಂಡಿತು. ಬ್ರಿಲಿಯಂಟ್‌ನ ಒಡೆಯ ಆಮೇಲೆ ದೂರು ಕೊಟ್ಟರೂ ಅದು ನಿಲ್ಲಲಿಲ್ಲ. ನನ್ನ ಮಟ್ಟಿಗೆ ಇದು ಏರ್ಪಾಡು ಮಾಡಿದವರ ಅಜಾಗರೂಕತೆ, ಓಡಿದವರ ತಪ್ಪಲ್ಲ. ಕೈಗೆ ಕೊಟ್ಟ ಕಾಗದದಂತೆ ನಡೆದವನನ್ನು ದೂರುವುದು ಹೇಗೆ?

ದಕ್ಷಿಣದ ದಡಕ್ಕೆ ಬಂದಾಗ ಗಾಳಿ ಎದುರಾಯಿತು, ನೀರಿನ ಸೆಳೆತವೂ ಎದುರಾಯಿತು. ಚಪ್ಪಟೆ ಹಾಯಿ ತನ್ನ ಕೆಲಸ ತೋರಿಸಿದ್ದು ಇಲ್ಲಿ. ಅದೇ ವೇಳೆ ಇಂಗ್ಲಿಷ್ ದೋಣಿಗಳಿಗೆ ಒಂದರ ಮೇಲೊಂದು ಕಂಟಕ ಬಂತು. ಸೆಳೆತ ತಪ್ಪಿಸಿಕೊಳ್ಳಲು ದಡದ ಹತ್ತಿರ ಸರಿದ ಆ್ಯರೋ ನೆಲ ಹತ್ತಿತು. ಅದನ್ನು ಕಂಡು ಅಲಾರ್ಮ್ ಪಂದ್ಯ ಬಿಟ್ಟು ನೆರವಿಗೆ ಹೋಯಿತು. ವೊಲಾಂಟ್ ಮತ್ತು ಫ್ರೀಕ್ ಒಂದಕ್ಕೊಂದು ಡಿಕ್ಕಿ ಹೊಡೆದವು. ಅಮೆರಿಕದ ಮೂತಿಯಿಂದ ಮುಂದಕ್ಕೆ ಚಾಚಿದ್ದ ಮರವೂ ಮುರಿಯಿತು, ಆದರೂ ಅದರ ಓಟ ನಿಲ್ಲಲಿಲ್ಲ. ಅಲಾರ್ಮ್ ದೊಡ್ಡ ದೋಣಿ, ಗೆಲ್ಲುವ ಭರವಸೆಯಿದ್ದ ದೋಣಿ. ಅದು ಜೊತೆಯವರ ಕಷ್ಟಕ್ಕೆ ತಿರುಗಿ ಹೋದದ್ದನ್ನು ನಾನು ಆ ದಿನದ ಒಂದು ದೊಡ್ಡ ಸಂಗತಿಯೆಂದು ಎಣಿಸುತ್ತೇನೆ. ಕಡಲ ಮೇಲೆ ಬದುಕಿದವರಿಗೆ ಅದರ ಬೆಲೆ ಗೊತ್ತು.

ಪಶ್ಚಿಮದ ತುದಿಯಲ್ಲಿ ನೀಡಲ್ಸ್ ಎಂಬ ಬಿಳಿಬಂಡೆಗಳು ಸಾಲಾಗಿ ನೀರಿನಿಂದ ಎದ್ದು ನಿಂತಿವೆ. ಸಂಜೆಯ ಹೊತ್ತಿಗೆ ಆ ಭಾಗದಲ್ಲಿ ವಿಕ್ಟೋರಿಯಾ ರಾಣಿ ತನ್ನ ಹಡಗಿನಲ್ಲಿ ಕಾದಿದ್ದಳು. ಪಂದ್ಯದ ನಡುವೆ ಯಾರೂ ಹಾಗೆ ಮಾಡುವುದಿಲ್ಲ, ಆದರೂ ಅಮೆರಿಕ ಎದುರಿಗೆ ಬಂದಾಗ ತನ್ನ ಧ್ವಜವನ್ನು ತಗ್ಗಿಸಿತು, ನಾವಿಕರೆಲ್ಲ ಟೊಪ್ಪಿ ತೆಗೆದು ನಿಂತರು. ಎಪ್ಪತ್ತು ವರ್ಷದ ಹಿಂದೆಯಷ್ಟೇ ಆ ಸಿಂಹಾಸನದ ವಿರುದ್ಧ ಯುದ್ಧ ಮಾಡಿ ಬಿಡುಗಡೆ ಪಡೆದ ದೇಶದವರು ಅವರು. ಆ ಆರು ಪಾಲುದಾರರಲ್ಲಿ ಒಬ್ಬರು ಆ ದೇಶವನ್ನು ಕಟ್ಟಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರ ಮಗ. ಎರಡನೆಯ ದೋಣಿ ಯಾವುದೆಂದು ರಾಣಿ ಕೇಳಿದಳೆಂದೂ, “ಮಹಾರಾಣಿ, ಎರಡನೆಯದೆಂಬುದು ಇಲ್ಲ” ಎಂಬ ಉತ್ತರ ಬಂತೆಂದೂ ಜಗತ್ತಿನಾದ್ಯಂತ ಹೇಳುವ ಕಥೆ ನಿಜವಾಗಿ ನಡೆದದ್ದೆಂಬುದಕ್ಕೆ ಆಧಾರ ಕಡಿಮೆ. ನಿಜಕ್ಕೂ ಎರಡನೆಯದು ಇತ್ತು. ಕೊನೆಯ ಹಾದಿಯಲ್ಲಿ ಗಾಳಿ ಬಿದ್ದುಹೋಗಿ, ಪುಟ್ಟ ಅರೋರಾ ಹಿಂದಿನಿಂದ ಹತ್ತಿರ ಹತ್ತಿರ ಬಂತು. ಎಂಟೂವರೆ ದಾಟಿದ ಕತ್ತಲಿನಲ್ಲಿ ಅಮೆರಿಕ ಕೌಸ್ ಮುಟ್ಟಿದಾಗ ಅರೋರಾ ಕೆಲವೇ ನಿಮಿಷಗಳ ಹಿಂದಿತ್ತು. ಅಮೆರಿಕದ ಮೂರನೆಯ ಒಂದು ಪಾಲಿನಷ್ಟೂ ಇಲ್ಲದ ಆ ದೋಣಿಯ ಹೆಸರನ್ನು ಈ ಕಥೆ ನುಂಗಿಹಾಕಿರುವುದು ನನಗೆ ನೋವಿನ ವಿಷಯ.

ಸೋಲನ್ನು ಆ ಜನ ಹೇಗೆ ಸ್ವೀಕರಿಸಿದರೆಂಬುದನ್ನು ನೋಡಿದರೆ 2001ರ ಹಬ್ಬದ ಬೇರು ಅಲ್ಲಿಯೇ ಕಾಣುತ್ತದೆ. ಮರುದಿನ ರಾಣಿಯೂ ಅವಳ ಗಂಡ ಆಲ್ಬರ್ಟನೂ ದೋಣಿಯನ್ನು ನೋಡಲು ಹೋದರು. ಆರು ದಿನದ ನಂತರ, ರೈಲ್ವೆ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ತನ್ನ ಕಬ್ಬಿಣದ ಒಡಲಿನ ಟೈಟಾನಿಯಾವನ್ನು ಅಮೆರಿಕದ ಎದುರು ಓಡಿಸಿ ತಾನೂ ಸೋತನು. ಚಳಿಗಾಲ ಮುಗಿಯುವುದರೊಳಗೆ ಇಂಗ್ಲಿಷ್ ದೋಣಿಕಟ್ಟೆಗಳಲ್ಲಿ ಗರಗಸ ಆಡತೊಡಗಿತು. ನೆರವಿಗೆ ತಿರುಗಿ ಹೋಗಿದ್ದ ಅದೇ ಅಲಾರ್ಮನ್ನು ಅದರ ಒಡೆಯ 1852ರಲ್ಲಿ ಮೂತಿ ಉದ್ದ ಮಾಡಿಸಿ ಸ್ಕೂನರ್ ಆಗಿ ಮಾರ್ಪಡಿಸಿದನು. ಮುದುಕ ಮಾರ್ಕ್ವೆಸ್ ಹೇಳಿದ ಮಾತಿಗೆ ಬಡಗಿಗಳು ಹಾಕಿದ ಸಹಿ ಅದು.

ಬೆಳ್ಳಿಯ ಹೂಜಿ ನ್ಯೂಯಾರ್ಕಿಗೆ ಹೋಯಿತು. ಲಂಡನ್ನಿನ ಗ್ಯಾರಾರ್ಡ್ ಅಂಗಡಿಯ ಆ ಹೂಜಿಗೆ ತಳವೇ ಇಲ್ಲ, ನೀರು ಹಾಕಿದರೆ ನಿಲ್ಲುವುದಿಲ್ಲ. 1857ರಲ್ಲಿ ಪಾಲುದಾರರು ಅದನ್ನು ತಮ್ಮ ಕ್ಲಬ್ಬಿಗೆ ದಾನಪತ್ರದ ಮೂಲಕ ಕೊಟ್ಟು, ದೇಶದೇಶಗಳ ನಡುವೆ ಸ್ನೇಹದ ಸ್ಪರ್ಧೆಗೆಂದು ಸದಾ ಇರಬೇಕೆಂದು ಬರೆದರು. ದೋಣಿಯ ಹೆಸರಿನಿಂದಲೇ ಅದು ಅಮೆರಿಕಾಸ್ ಕಪ್ ಆಯಿತು. ಗೆದ್ದ ದಿನದಿಂದ ಎಣಿಸಿದರೆ 132 ವರ್ಷ ನ್ಯೂಯಾರ್ಕಿನವರು ಅದನ್ನು ಬಿಟ್ಟುಕೊಡಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ, ತಳದಿಂದ ನೀರಿನೊಳಕ್ಕೆ ಇಳಿದ ಕೀಲ್ ಎಂಬ ಭಾಗಕ್ಕೆ ರೆಕ್ಕೆಗಳಿದ್ದ ಆಸ್ಟ್ರೇಲಿಯಾ 2 ದೋಣಿ 4-3ರಿಂದ ಗೆದ್ದಾಗ ಮೊದಲ ಬಾರಿಗೆ ಅದು ಅವರ ಕೈ ತಪ್ಪಿತು. ಅಮೆರಿಕ ದೋಣಿಯ ಗತಿ ದುಃಖದ್ದು. ಗೆದ್ದ ಕೆಲವೇ ದಿನಗಳಲ್ಲಿ ಅದನ್ನು ಮಾರಿದರು. ಕೈಯಿಂದ ಕೈಗೆ ದಾಟಿ, ಅಂತರ್ಯುದ್ಧದಲ್ಲಿ ಮುಳುಗಿಸಲ್ಪಟ್ಟು, ಮೇಲೆತ್ತಲ್ಪಟ್ಟು, 1870ರ ಪಂದ್ಯದಲ್ಲಿ ನಾಲ್ಕನೆಯದಾಗಿ ಬಂದು, 1921ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯನ್ನು ಸೇರಿತು. 1942ರ ಮಾರ್ಚ್‌ನಲ್ಲಿ ಹಿಮದ ಭಾರಕ್ಕೆ ಕೊಟ್ಟಿಗೆಯ ಮಾಡು ಕುಸಿದು ಅದರ ಮೇಲೆ ಬಿತ್ತು, 1945ರಲ್ಲಿ ಒಡೆದುಹಾಕಿದರು.

ಹೀಗಾಗಿ 2001ರಲ್ಲಿ ಮೂಲ ದೋಣಿಯಿಲ್ಲದ ಹಬ್ಬ ನಡೆಯಿತು. ಆದರೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಬಂದಿದ್ದರು. ಎಂಟನೆಯ ಹೆನ್ರಿ ಕಟ್ಟಿಸಿದ ಕಡಲಕೋಟೆ ಈಗ ಸ್ಕ್ವಾಡ್ರನ್ನಿನ ಮನೆ. ಅದರ ಮುಂದಿನ ಗೋಡೆಯ ಮೇಲೆ ನಾಲ್ಕನೆಯ ವಿಲಿಯಂನ ಆಟದ ಯುದ್ಧನೌಕೆಯಿಂದ ಬಂದ ಚಿಕ್ಕ ಹಿತ್ತಾಳೆ ಫಿರಂಗಿಗಳು ಸಾಲಾಗಿವೆ. ನಾನು ಅವುಗಳಿಂದ ಕೂಗಳತೆಯ ದೂರದಲ್ಲಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರ ನಡುವೆ ನಿಂತಿದ್ದೆ. ಗುಂಡು ಹಾರಿದಾಗ ಮೊದಲು ಬಿಳಿ ಹೊಗೆಯ ಉಂಡೆ ಕಂಡಿತು, ಎದೆಗೆ ಸದ್ದು ತಾಗಿತು, ಆಮೇಲೆ ಮದ್ದಿನ ವಾಸನೆ ನಮ್ಮ ಮೇಲೆ ಹಾದುಹೋಯಿತು. ಸೋಲೆಂಟ್ ಜಲಸಂಧಿಯ ಅಗಲಕ್ಕೂ ಹಾಯಿ. ಸುಮಾರು ಇನ್ನೂರು ದೋಣಿಗಳು. 1930ರ ದಶಕದ ಜೆ ವರ್ಗವೆಂಬ ದೈತ್ಯ ಪಂದ್ಯದೋಣಿಗಳಲ್ಲಿ ಉಳಿದ ಮೂರೂ ದೋಣಿಗಳು, ಶ್ಯಾಮ್‌ರಾಕ್ 5, ವೆಲ್ಷೀಡಾ, ಎಂಡೆವರ್, ಒಟ್ಟಾಗಿ ಬಂದಿದ್ದವು. ಹದಿನೈದು ಮಹಡಿಯ ಕಟ್ಟಡದಷ್ಟು ಎತ್ತರದ ಕೂವೆಮರ ನಮ್ಮ ಮುಂದೆ ಓರೆಯಾಗಿ ಹಾದುಹೋದಾಗ ಗುಂಪಿನಲ್ಲಿ ಒಂದು ಕ್ಷಣ ಮಾತೇ ನಿಂತಿತು. ಹಗ್ಗಗಳು ಬಿಗಿದು ನರಳುವ ಸದ್ದು ದಡಕ್ಕೆ ಕೇಳಿಸಿತು. 12 ಮೀಟರ್ ವರ್ಗದ ಹಿಂಡಿನಲ್ಲಿ ಆಸ್ಟ್ರೇಲಿಯಾ 2 ಕೂಡ ಇತ್ತು. ವಸ್ತುಸಂಗ್ರಹಾಲಯದಿಂದ ಇಳಿಸಿ ಅರ್ಧ ಭೂಮಿ ದಾಟಿಸಿ ತಂದ ಅದನ್ನು ನಡೆಸಲು 1983ರ ನಾವಿಕ ಜಾನ್ ಬರ್ಟ್ರಂಡ್ ಮತ್ತು ಸಂಗಾತಿಗಳೇ ಬಂದಿದ್ದರು. ದ್ವೀಪ ಸುತ್ತುವ ಪಂದ್ಯದಲ್ಲಿ ಎಲ್ಲರಿಗಿಂತ ಮೊದಲು ಬಂದದ್ದು ಇಟಲಿಯ ಜಾನ್ನಿ ಆನ್ಯೆಲ್ಲಿ ಅವರ ಸ್ಟೆಲ್ತ್ ಎಂಬ ಕಪ್ಪು ದೋಣಿ. ಆತಿಥೇಯರಿಗೆ ಈ ಬಾರಿಯೂ ಮೊದಲ ಸ್ಥಾನ ದಕ್ಕಲಿಲ್ಲ.

ಶ್ಯಾಮ್‌ರಾಕ್ 5 ನೋಡುವಾಗ ಈ ಕ್ಲಬ್ಬಿನ ಇನ್ನೊಂದು ಮುಖವೂ ನೆನಪಾಗದಿರಲಿಲ್ಲ. ಅದು ಚಹಾ ವ್ಯಾಪಾರಿ ಥಾಮಸ್ ಲಿಪ್ಟನ್ ಅವರ ದೋಣಿ, ನಮ್ಮ ಮನೆಗಳ ಲಿಪ್ಟನ್ ಚಹಾದ ಆ ಲಿಪ್ಟನ್. 1899ರಿಂದ 1930ರವರೆಗೆ ಐದು ಬಾರಿ ಕಪ್ಪಿಗಾಗಿ ಹೋರಾಡಿ, ಐದು ಬಾರಿಯೂ ಸೋತು, ನಗುತ್ತಲೇ ಹಿಂದಿರುಗಿದ ಮನುಷ್ಯ. ಬಡವರ ಮನೆಯಲ್ಲಿ ಹುಟ್ಟಿ ಕಿರಾಣಿ ಅಂಗಡಿಯಿಂದ ಮೇಲೆ ಬಂದ ಅವರು ಐರ್ಲೆಂಡಿನ ಅಲ್ಸ್ಟರಿನ ಕ್ಲಬ್ಬಿನ ಮೂಲಕ ಸ್ಪರ್ಧಿಸಬೇಕಾಯಿತು. ಸ್ಕ್ವಾಡ್ರನ್ ಅವರನ್ನು ಸೇರಿಸಿಕೊಂಡದ್ದು 1931ರಲ್ಲಿ, ಅವರು ಸಾಯುವ ವರ್ಷದಲ್ಲಿ. ಹೊರಗಿನವನ ಗೆಲುವನ್ನು ದೊಡ್ಡ ಮನಸ್ಸಿನಿಂದ ಕೊಂಡಾಡಿದ ಮನೆ ತನ್ನ ದೇಶದ ಶ್ರಮಜೀವಿಗೆ ಅಷ್ಟು ವರ್ಷ ಬಾಗಿಲು ತೆರೆಯಲಿಲ್ಲ. ಈ ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಮಧ್ಯಾಹ್ನ, ದೋಣಿಗಳು ದ್ವೀಪದ ಆಚೆ ಮರೆಯಾದ ಮೇಲೆ, ನಾನು ಮೆಡಿನಾ ನದಿಯನ್ನು ಸರಪಳಿಯ ತೇಲುಸೇತುವೆಯಲ್ಲಿ ದಾಟಿ ಪೂರ್ವ ಕೌಸ್‌ನ ಆಸ್ಬರ್ನ್ ಅರಮನೆಗೆ ಹೋಗಿದ್ದೆ. ವಿಕ್ಟೋರಿಯಾ ಬೇಸಿಗೆ ಕಳೆಯುತ್ತಿದ್ದ ಮನೆ ಅದು. ಆ ಅರಮನೆಯ ಸಂಗ್ರಹದಲ್ಲಿ ಶಿಲ್ಪಿ ಮರೊಚೆಟ್ಟಿ ಕಡೆದ ಒಬ್ಬ ಹುಡುಗಿಯ ಮೂರ್ತಿಯಿದೆ. ಅವಳು ನಮ್ಮ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. ಈ ಪಂದ್ಯ ನಡೆದ ಮರುವರ್ಷವೇ, 1852ರಲ್ಲಿ, ಅವಳು ತಂದೆಯ ಜೊತೆ ಇಂಗ್ಲೆಂಡಿಗೆ ಬಂದಳು. ಸೋತವರು ಸೋಲನ್ನು ಹಬ್ಬವಾಗಿ ನೆನೆಯಬಲ್ಲ ಸ್ಥಿತಿ ಎಲ್ಲರಿಗೂ ಇರುವುದಿಲ್ಲವೆಂದು ಆ ಮನೆಯ ಮೆಟ್ಟಿಲು ಇಳಿಯುವಾಗ ನನಗೆ ಅನ್ನಿಸಿತ್ತು. ಸ್ಕ್ವಾಡ್ರನ್ ಸೋತದ್ದು ಒಂದು ಹೂಜಿಯನ್ನು. ಆ ತಂದೆ ಸೋತದ್ದು ನಾಡನ್ನು.

ಆ ಹೂಜಿ ಬ್ರಿಟನ್ನಿಗೆ ಇಂದಿಗೂ ಮರಳಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದಲ್ಲಿ ಇದೇ ಸ್ಕ್ವಾಡ್ರನ್ನಿನ ಹೆಸರಿನಲ್ಲಿ ಬ್ರಿಟಿಷ್ ತಂಡ ಕೊನೆಯ ಹಂತಕ್ಕೆ ಬಂದು, ನ್ಯೂಜಿಲೆಂಡಿಗೆ 7-2ರಿಂದ ಸೋತಿತು. ಅಂದು ರಾತ್ರಿ ಸುದ್ದಿ ಓದುವಾಗ ನಾನು ಬ್ರಿಟಿಷರ ಪಕ್ಷದಲ್ಲಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

2001ರ ಆ ದಿನ ಸೌತಾಂಪ್ಟನ್ನಿಗೆ ಮರಳುವ ಫೆರಿಯ ಮೇಲಂತಸ್ತಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ದ್ವೀಪದವರೇ ಆದ ಒಬ್ಬ ಹಿರಿಯರು ಕುಳಿತಿದ್ದರು. ಮೊಣಕಾಲ ಮೇಲೆ ಚಹಾದ ಥರ್ಮಾಸ್ ಇಟ್ಟುಕೊಂಡು, ಹಾಯಿ ಇಳಿಸುತ್ತಿದ್ದ ದೋಣಿಗಳನ್ನೇ ನೋಡುತ್ತಿದ್ದರು. ಹಬ್ಬ ಹೇಗನ್ನಿಸಿತು ಎಂದು ನಾನು ಕೇಳಿದೆ. ಬಹಳ ಚೆನ್ನಾಗಿತ್ತು, ಅಮೆರಿಕದವರು ಅಷ್ಟು ದೂರದಿಂದ ಬಂದದ್ದು ಸಂತೋಷ ಎಂದರು. ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕೈಗೆ ಕೊಟ್ಟು, ಪೂರ್ವದ ಕಡೆ ಕತ್ತಲಾಗುತ್ತಿದ್ದ ನೀರಿನತ್ತ ಬೆರಳು ತೋರಿಸಿ, “ಆದರೆ ಅವರು ನ್ಯಾಬ್‌ನ ಹೊರಗಿನಿಂದಲೇ ಹೋಗಬೇಕಿತ್ತು” ಎಂದರು.